ದುಡ್ಡಿಗೆ ಮಾರುವ ಸಾಫ್ಟ್‌ವೇರ್‌ನಲ್ಲಿ ಓಪನ್ ಸೋರ್ಸ್ ಇದ್ದರೆ ಯಾವ ಷರತ್ತು ಪಾಲಿಸಬೇಕು?

ಕದ್ರಿ_ಜಾವಾ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ಒಬ್ಬ ಗೆಳೆಯ ಸೇರಿ ಮಂಗಳೂರಿನಲ್ಲಿ ಅಡಿಕೆ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಅಂತ ಬೇರೆ ಬೇರೆ ದರ ಹಾಕಿ, ಗೋಣಿಯ ತೂಕ ಕಳೆದು, ಬಿಲ್ ಪ್ರಿಂಟ್ ಕೊಡುವಷ್ಟು ಕೆಲಸ. ಈವರೆಗೆ 14 ಅಂಗಡಿಗಳಿಗೆ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟಿದ್ದೇವೆ, ದುಡ್ಡು ತೆಗೆದುಕೊಂಡೇ ಕೊಟ್ಟದ್ದು.

ಈಗ ಒಂದು ಸಹಕಾರಿ ಸಂಘದವರು ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ. ಆದರೆ "ಇದರೊಳಗೆ ಇರುವ ಎಲ್ಲದಕ್ಕೂ ನಿಮಗೆ ಹಕ್ಕು ಉಂಟು ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ" ಎಂದು ಕೇಳಿದರು. ಬರೆಯಲಿಕ್ಕೆ ಕೂತಾಗ ಕೈ ಓಡಲಿಲ್ಲ. ಯಾಕೆಂದರೆ ಒಳಗೆ ಇರುವುದು ಇಷ್ಟು: ಜಾವಾ ಪ್ರೋಗ್ರಾಂ ಓಡಿಸಲಿಕ್ಕೆ ಓಪನ್‌ಜೆಡಿಕೆ, ಲೆಕ್ಕ ಉಳಿಸಿಡಲಿಕ್ಕೆ ಎಸ್‌ಕ್ಯೂಲೈಟ್ ಡೇಟಾಬೇಸ್, ಬಿಲ್‌ನ ಪಿಡಿಎಫ್‌ಗೆ ಐಟೆಕ್ಸ್ಟ್ 5, ರೂಪಾಯಿಯನ್ನು ಅಕ್ಷರದಲ್ಲಿ ಬರೆಯಲಿಕ್ಕೆ ಗಿಟ್‌ಹಬ್‌ನಿಂದ (ಜನ ತಮ್ಮ ಕೋಡ್ ಇಡುವ ವೆಬ್‌ಸೈಟ್) ತೆಗೆದ ಒಂದು ಫೈಲ್ (ಲಕ್ಷ, ಕೋಟಿ ಸರಿಯಾಗಿ ಬರುತ್ತದೆ ಅಂತ ಅದನ್ನೇ ಹಾಕಿದ್ದು), ಮತ್ತೆ ಸ್ಕ್ರೀನ್ ಮೇಲೆ ಕನ್ನಡಕ್ಕೆ ತುಂಗಾ ಫಾಂಟ್. ಎಲ್ಲ ಫ್ರೀ ಅಲ್ವಾ ಅಂತ ಹಾಕಿದ್ದೆವು. ಮಾರಬಹುದಾ? ನಮ್ಮ ಕೋಡ್ ಕೊಡಬೇಕಾ? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಹಂಪನಕಟ್ಟೆ

ಇಷ್ಟು ಸಣ್ಣದಕ್ಕೆ ಯಾರು ಕೇಳಿಕೊಂಡು ಬರುತ್ತಾರೆ? ಪುತ್ತೂರಿನ ಅಂಗಡಿಯಲ್ಲಿ ಯಾವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಉಂಟು ಅಂತ ವಿದೇಶದವರು ಬಂದು ನೋಡುತ್ತಾರಾ? ಫ್ರೀ ಅಂದ ಮೇಲೆ ಫ್ರೀ. ಲೆಟರ್‌ಗೆ ಸಹಿ ಹಾಕಿ ಕೊಡಿ.

ಮಲ್ಪೆ_ಅಲೆ

ಹಾಗೆ ಸಹಿ ಹಾಕಬೇಡಿ. ಸಿಕ್ಕಿಬೀಳುವ ಹೆದರಿಕೆ ಆಮೇಲಿನ ಮಾತು. ಯಾರೋ ರಾತ್ರಿ ಕೂತು ಬರೆದದ್ದನ್ನು ನಾವು ದುಡ್ಡಿಗೆ ಕೊಡುತ್ತಿದ್ದೇವೆ, ಅವರು ಕೇಳಿದ ಒಂದೆರಡು ಸಣ್ಣ ಮಾತು ನಡೆಸಿಕೊಡಲಿಕ್ಕೆ ನಮಗೆ ಎಂತ ಕಷ್ಟ? ಮತ್ತೆ ಇದು ಸುಮ್ನೆ ಮರ್ಯಾದೆಯ ವಿಷಯವೂ ಅಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಅಂದರೆ ಸಾಹಿತ್ಯ ಕೃತಿಯ ಲೆಕ್ಕ. ಪುಸ್ತಕಕ್ಕೆ ಇರುವಂತೆಯೇ ಹಕ್ಕು. ಪುಕ್ಕಟೆ ಕೊಟ್ಟರೆ ಹಕ್ಕು ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲ. ಅಮೆರಿಕದಲ್ಲಿ 2008ರಲ್ಲಿ ಜೇಕಬ್ಸನ್ ಮತ್ತು ಕ್ಯಾಟ್ಜರ್ ನಡುವಿನ ಕೇಸಿನಲ್ಲಿ ಅಪೀಲು ಕೋರ್ಟು ಇದನ್ನೇ ಹೇಳಿತು. ಅದು ಆಟಿಕೆ ರೈಲು ಓಡಿಸುವವರ ಸಾಫ್ಟ್‌ವೇರ್. ಅಷ್ಟು ಸಣ್ಣದು! ಆದರೂ ಲೈಸೆನ್ಸಿನ ಷರತ್ತು ಮುರಿದರೆ ಕಾಪಿರೈಟ್ ಮುರಿದ ಹಾಗೆ ಆಗಬಹುದು ಅಂತ ಆಯಿತು.

ಮೊದಲು ಒಂದು ವಿಷಯ ತಲೆಯಲ್ಲಿ ಇರಲಿ. ಹೆಚ್ಚಿನ ಷರತ್ತು ಶುರುವಾಗುವುದು ನೀವು ಪ್ರತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟಾಗ. ಜಿಪಿಎಲ್ ಅಂದರೆ, ಹಂಚಿದರೆ ಸೋರ್ಸನ್ನೂ (ಬರೆದ ಮೂಲ ಕೋಡ್) ಅದೇ ಲೈಸೆನ್ಸಿನಲ್ಲಿ ಕೊಡಬೇಕು ಅನ್ನುವ ಲೈಸೆನ್ಸ್. ನಿಮ್ಮ ಆಫೀಸಿನ ಒಳಗೆ ಜಿಪಿಎಲ್ ಸಾಫ್ಟ್‌ವೇರನ್ನು ಹೇಗೆ ಬೇಕಾದರೂ ತಿದ್ದಿ ಬಳಸಿ, ಯಾರಿಗೂ ಎಂತದ್ದೂ ಕೊಡಬೇಕಾಗಿಲ್ಲ. ಪೆನ್‌ಡ್ರೈವ್ ಅಂಗಡಿಗೆ ಹೋಯಿತು ಅಂದರೆ ಲೆಕ್ಕ ಬೇರೆ. ಮಾರಲಿಕ್ಕೆ ಅಡ್ಡಿ ಇಲ್ಲ, ಜಿಪಿಎಲ್ ಕೂಡ ಎಷ್ಟು ಬೇಕಾದರೂ ದುಡ್ಡು ತೆಗೆದುಕೊಳ್ಳಲಿಕ್ಕೆ ಬಿಡುತ್ತದೆ. ಹಾಗಾಗಿ ನೀವು ನೋಡಬೇಕಾದದ್ದು ಪೆನ್‌ಡ್ರೈವ್‌ನಲ್ಲಿ ಏನೇನು ಹೋಗಿದೆ ಅಂತ.

ಎಸ್‌ಕ್ಯೂಲೈಟ್ ಬಿಡಿ, ಅದು ಪಬ್ಲಿಕ್ ಡೊಮೇನ್, ಅಂದರೆ ಯಾರ ಹಕ್ಕೂ ಇಲ್ಲದ್ದು. ಓಪನ್‌ಜೆಡಿಕೆ ಜಿಪಿಎಲ್ 2, ಆದರೆ ಜೊತೆಗೆ ಕ್ಲಾಸ್‌ಪಾತ್ ವಿನಾಯಿತಿ ಉಂಟು. ಅದರಿಂದಾಗಿ ಅದರ ಮೇಲೆ ಓಡುವ ನಿಮ್ಮ ಕೋಡ್ ಜಿಪಿಎಲ್ ಆಗುವುದಿಲ್ಲ. ಅದನ್ನು ಇನ್‌ಸ್ಟಾಲರ್ ಒಳಗೆ ಇಟ್ಟು ಕೊಡುವುದರಿಂದ ಓಪನ್‌ಜೆಡಿಕೆಯ ಸೋರ್ಸ್ ಮಾತ್ರ ಯಾರಾದರೂ ಕೇಳಿದರೆ ಕೊಡುವ ಹಾಗೆ ಇರಬೇಕು. ಜಿಪಿಎಲ್ 2ರ ಪ್ರಕಾರ ಸೋರ್ಸ್ ಜೊತೆಗೇ ಕೊಡಬಹುದು, ಇಲ್ಲದಿದ್ದರೆ ಕನಿಷ್ಠ 3 ವರ್ಷ ಕೊಡುತ್ತೇವೆ ಅಂತ ಬರೆದು ಕೊಡಬಹುದು. ಆ ವರ್ಷನ್ನಿನ ಸೋರ್ಸ್ ಒಂದು ಕಡೆ ಇಳಿಸಿ ಇಟ್ಟುಕೊಳ್ಳಿ, ಮುಗಿಯಿತು.

ನಿಮಗೆ ನಿಜವಾದ ಸಮಸ್ಯೆ ಐಟೆಕ್ಸ್ಟ್ 5. ಅದು ಎಜಿಪಿಎಲ್, ಜಿಪಿಎಲ್‌ನದ್ದೇ ಇನ್ನೂ ಬಿಗಿಯಾದ ರೂಪ. ಅದನ್ನು ಸೇರಿಸಿ ಕೊಟ್ಟರೆ ನಿಮ್ಮ ಇಡೀ ಬಿಲ್ಲಿಂಗ್ ಸಾಫ್ಟ್‌ವೇರಿನ ಸೋರ್ಸನ್ನು ಆ ಅಂಗಡಿಯವರಿಗೆ ಎಜಿಪಿಎಲ್‌ನಲ್ಲೇ ಕೊಡಬೇಕು, ಅವರು ಅದನ್ನು ಪಕ್ಕದ ಅಂಗಡಿಗೂ ಹಂಚಬಹುದು. ಬೇಡ ಅಂದರೆ ಐಟೆಕ್ಸ್ಟ್‌ನವರ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಮೂರನೇ ದಾರಿ, ಲೈಬ್ರರಿಯನ್ನೇ ಬದಲಾಯಿಸುವುದು. ಐಟೆಕ್ಸ್ಟ್ ಮೊದಲು ಎಲ್‌ಜಿಪಿಎಲ್ ಮತ್ತು ಎಂಪಿಎಲ್ ಅನ್ನುವ, ಜಿಪಿಎಲ್‌ಗಿಂತ ಸಡಿಲ ಲೈಸೆನ್ಸುಗಳಲ್ಲಿ ಇತ್ತು, ಆ ಹಳೆಯ ಕೋಡಿನಿಂದ ಬೆಳೆದದ್ದು ಓಪನ್‌ಪಿಡಿಎಫ್. ಅದರ ಲೈಸೆನ್ಸ್ ಈಗಲೂ ಅದೇ. ನೀವು ಅದರ ಜಾರ್ ಫೈಲನ್ನು (ಜಾವಾ ಲೈಬ್ರರಿಯ ಕಟ್ಟು) ಬೇರೆಯಾಗಿಯೇ ಇಟ್ಟು, ಲೈಸೆನ್ಸಿನ ಪ್ರತಿ ಜೊತೆಗೆ ಹಾಕಿ, ಸೋರ್ಸ್ ಎಲ್ಲಿ ಸಿಗುತ್ತದೆ ಅಂತ ತಿಳಿಸಿ. ಅದರೊಳಗೆ ತಿದ್ದಿದರೆ ತಿದ್ದಿದ ಫೈಲುಗಳನ್ನೂ ಕೊಡಿ. ನಿಮ್ಮ ಕೋಡ್ ನಿಮ್ಮದೇ.

ಕದ್ರಿ_ಜಾವಾ

ನಿಜವಾಗಿ ಹೇಳುತ್ತೇನೆ, ಎಜಿಪಿಎಲ್ ಅಂದರೆ ವೆಬ್‌ಸೈಟ್ ನಡೆಸುವವರಿಗೆ ಮಾತ್ರ ಅಂದುಕೊಂಡಿದ್ದೆ. ಈಗಾಗಲೇ ಕೊಟ್ಟ 14 ಅಂಗಡಿಗಳ ಕಥೆ ಎಂತ?

ಮಲ್ಪೆ_ಅಲೆ

ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಕೊಡಬೇಕು ಅನ್ನುವುದು ಎಜಿಪಿಎಲ್‌ನಲ್ಲಿ ಜಾಸ್ತಿ ಸೇರಿಸಿದ ಮಾತು. ಉಳಿದದ್ದು ಜಿಪಿಎಲ್ 3ರ ಹಾಗೆಯೇ.

ಹಳೆಯ ತಪ್ಪಿಗೆ ಅದರಲ್ಲೇ ದಾರಿ ಉಂಟು, 8ನೇ ಕಲಮು ಓದಿ. ತಪ್ಪು ಪೂರ್ತಿ ನಿಲ್ಲಿಸಿದ ಮೇಲೆ 60 ದಿನದೊಳಗೆ ಹಕ್ಕುದಾರರು ನೋಟಿಸ್ ಕೊಡದಿದ್ದರೆ ನಿಮ್ಮ ಹಕ್ಕು ಮತ್ತೆ ಖಾಯಂ ಆಗುತ್ತದೆ. ಮೊದಲ ಸಲ ನೋಟಿಸ್ ಬಂದರೂ 30 ದಿನದೊಳಗೆ ಸರಿಪಡಿಸಿದರೆ ಆಯಿತು. ಹಾಗಾಗಿ ಹೊಸಬರಿಗೆ ಕೊಡುವುದನ್ನು ಇವತ್ತೇ ನಿಲ್ಲಿಸಿ, ಹಳೆಯ ಅಂಗಡಿಗಳಿಗೆಲ್ಲ ಹೋಗಿ ಬದಲಾಯಿಸಿ ಬನ್ನಿ.

ಮಣಿಪಾಲ_ಅಕ್ಷರ

ಫಾಂಟ್ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಮುಖ್ಯ. ತುಂಗಾ ಓಪನ್ ಸೋರ್ಸ್ ಅಲ್ಲವೇ ಅಲ್ಲ, ಅದು ಮೈಕ್ರೋಸಾಫ್ಟ್‌ನದ್ದು. ವಿಂಡೋಸ್ ಜೊತೆ ಬಂದದ್ದನ್ನು ಆ ಕಂಪ್ಯೂಟರಿನಲ್ಲಿ ಬಳಸಬಹುದು, ಫೈಲನ್ನು ತೆಗೆದು ನಿಮ್ಮ ಇನ್‌ಸ್ಟಾಲರ್‌ನಲ್ಲಿ ಹಾಕಿ ಹಂಚುವ ಹಾಗಿಲ್ಲ. ನೀವು ಯಾಕೆ ಹಾಕಿದ್ದು ಅಂತ ಗೊತ್ತಾಯಿತು: ವಿಂಡೋಸ್ 10ರಿಂದ ತುಂಗಾ ಎಲ್ಲ ಕಂಪ್ಯೂಟರಿನಲ್ಲೂ ತಾನಾಗಿ ಇರುವುದಿಲ್ಲ, ನಿರ್ಮಲಾ ಯುಐ ಇರುತ್ತದೆ. ನಿರ್ಮಲಾದ ಹೆಸರನ್ನೇ ಕೋಡಿನಲ್ಲಿ ಕೊಟ್ಟರೆ ಫೈಲ್ ಹಂಚುವ ಪ್ರಶ್ನೆಯೇ ಇಲ್ಲ. ಜೊತೆಗೇ ಕೊಡಬೇಕು ಅಂದರೆ ನೋಟೊ ಸಾನ್ಸ್ ಕನ್ನಡ ಹಾಕಿ, ಅದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್. ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಫಾಂಟನ್ನು ಮಾತ್ರ ಒಂಟಿಯಾಗಿ ಮಾರುವ ಹಾಗಿಲ್ಲ. ಲೈಸೆನ್ಸ್ ಫೈಲ್ ಜೊತೆಗಿರಬೇಕು. ಈ ಲೈಸೆನ್ಸಿನಲ್ಲಿ ಕೆಲವು ಫಾಂಟುಗಳ ಹೆಸರು ಕಾದಿರಿಸಿರುತ್ತಾರೆ. ಅಂಥದ್ದನ್ನು ತಿದ್ದಿದರೆ ಬೇರೆ ಹೆಸರು ಇಡಬೇಕು.

ಒಂದು ಒತ್ತಕ್ಷರ ಸರಿ ಕೂರಲಿಕ್ಕೆ ಫಾಂಟ್ ಮಾಡುವವರು ಎಷ್ಟು ದಿನ ಕೂರುತ್ತಾರೆ ಅಂತ ಹತ್ತಿರದಿಂದ ನೋಡಿದ್ದೇನೆ. ಆ ಲೈಸೆನ್ಸ್ ಫೈಲಿನಲ್ಲಿ ಇರುವುದು ಅವರ ಹೆಸರು, ದಯವಿಟ್ಟು ಅದನ್ನು ಅಳಿಸಬೇಡಿ.

ಗಿಟ್‌ಹಬ್ ಫೈಲ್ ಬಗ್ಗೆ: ಅದರಲ್ಲಿ ಲೈಸೆನ್ಸ್ ಉಂಟಾ?

ಕದ್ರಿ_ಜಾವಾ

ಈಗ ನೋಡಿದೆ. ಇಲ್ಲ. ರೀಡ್‌ಮಿ (ವಿವರಣೆಯ ಫೈಲ್) ಮಾತ್ರ ಉಂಟು.

ಮಣಿಪಾಲ_ಅಕ್ಷರ

ಹಾಗಾದರೆ ಅದು ಎಲ್ಲಕ್ಕಿಂತ ಬಿಗಿ. ಎಲ್ಲರೂ ಉಲ್ಟಾ ಅರ್ಥ ಮಾಡಿಕೊಳ್ಳುವುದು ಇದನ್ನೇ. ನಿಜದಲ್ಲಿ ಲೈಸೆನ್ಸ್ ಇಲ್ಲ ಅಂದರೆ ಅನುಮತಿಯೇ ಇಲ್ಲ ಅಂತ ಲೆಕ್ಕ. ಗಿಟ್‌ಹಬ್‌ನಲ್ಲಿ ಎಲ್ಲರಿಗೆ ಕಾಣುವ ಹಾಗೆ ಇಟ್ಟರೆ ಅಲ್ಲೇ ನೋಡಬಹುದು, ಫೋರ್ಕ್ ಮಾಡಬಹುದು (ಅಲ್ಲೇ ತಮ್ಮ ಖಾತೆಗೆ ಒಂದು ಪ್ರತಿ), ಅಷ್ಟೇ. ಅಲ್ಲಿ ಒಂದು ಇಶ್ಯೂ (ಬರೆದವರಿಗೆ ಹಾಕುವ ಪ್ರಶ್ನೆ) ತೆರೆದು "ಇದಕ್ಕೆ ಎಂಐಟಿ ಲೈಸೆನ್ಸ್ ಹಾಕುತ್ತೀರಾ" ಅಂತ ಕೇಳಿ, ಹೆಚ್ಚಿನವರು ಖುಷಿಯಿಂದ ಹಾಕುತ್ತಾರೆ. ಹಾಕಿದರೆ ಅವರ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ನಿಮ್ಮ ಪ್ರತಿಯಲ್ಲಿ ಇದ್ದರೆ ಸಾಕು.

ಹಂಪನಕಟ್ಟೆ

ನಾನು ಮೇಲೆ ಹೇಳಿದ್ದು ತಪ್ಪಾಯಿತು. ನಮ್ಮ ಅಂಗಡಿಯ ಸಾಫ್ಟ್‌ವೇರ್‌ನಲ್ಲೂ ತುಂಗಾ ಫೈಲ್ ಇತ್ತು, ಇವತ್ತು ತೆಗೆಸಿದೆ.

ಕದ್ರಿ_ಜಾವಾ

ಐದು ದಿನ ಆಯಿತು, ಆದದ್ದು ಹೇಳುತ್ತೇನೆ. ಐಟೆಕ್ಸ್ಟ್ ತೆಗೆದು ಓಪನ್‌ಪಿಡಿಎಫ್ ಹಾಕಿದೆವು, ಹೆಚ್ಚಿನ ಕಡೆ ಇಂಪೋರ್ಟ್ ಸಾಲು ಬದಲಾಯಿಸಿದರೆ ಸಾಕಾಯಿತು, ಟೇಬಲ್‌ನ ಒಂದೆರಡು ಕಡೆ ಮಾತ್ರ ಕೈ ಹಾಕಬೇಕಾಯಿತು. ರೂಪಾಯಿ ಅಕ್ಷರದ ಫೈಲಿಗೆ ಉತ್ತರ ಬರಲಿಲ್ಲ, ಅದನ್ನು ಅಳಿಸಿ ಗೆಳೆಯ ಹೊಸತಾಗಿ ಬರೆದ, ಅರ್ಧ ದಿನದ ಕೆಲಸ. ಕನ್ನಡಕ್ಕೆ ನೋಟೊ. "ನಮ್ಮ ಬಗ್ಗೆ" ಅನ್ನುವ ಬಟನ್ ಒತ್ತಿದರೆ ಈಗ ಎಲ್ಲರ ಹೆಸರು, ಲೈಸೆನ್ಸ್ ಬರುತ್ತದೆ. ವಿಟ್ಲ, ಪುತ್ತೂರು, ಬಂಟ್ವಾಳ ಸೇರಿ 9 ಅಂಗಡಿ ಬದಲಾಯಿಸಿ ಆಯಿತು, ಉಳಿದ 5ಕ್ಕೆ ಭಾನುವಾರ ಹೋಗುತ್ತೇವೆ. ಸಂಘದ ಲೆಟರ್‌ನಲ್ಲಿ ಎಲ್ಲವೂ ನಮ್ಮದು ಅಂತ ಬರೆಯದೆ, ಯಾವುದು ನಮ್ಮದು, ಯಾವುದು ಯಾರದ್ದು, ಯಾವ ಲೈಸೆನ್ಸ್ ಅಂತ ಪಟ್ಟಿ ಹಾಕಿದ್ದೇವೆ. ಸರಿ ಅಲ್ವಾ?

ಮಲ್ಪೆ_ಅಲೆ

ಸರಿ ಉಂಟು. ಇನ್‌ಸ್ಟಾಲರ್ ಗಾತ್ರ ಇಳಿಸಲಿಕ್ಕೆ ಹೋಗಿ ಓಪನ್‌ಜೆಡಿಕೆಯ ಲೀಗಲ್ ಫೋಲ್ಡರ್ (ಲೈಸೆನ್ಸ್ ಪಠ್ಯಗಳು ಇರುವುದು ಅದರಲ್ಲಿ) ಅಳಿಸಬೇಡಿ, ತುಂಬ ಜನ ಅದನ್ನೇ ಮೊದಲು ಅಳಿಸುತ್ತಾರೆ.