ಫ್ಲ್ಯಾಟ್ ಇಲ್ಲದ, ಡಿದರಿಂಗ್ ಆಗದ ಎಂ42 ಚಿತ್ರಗಳನ್ನು ಎಷ್ಟರಮಟ್ಟಿಗೆ ಸರಿಪಡಿಸಬಹುದು?

ಪ್ರಶ್ನೆ:
ಓರಿಯನ್ ನೀಹಾರಿಕೆಯನ್ನು (ಎಂ42) ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ತಲಾ 120 ಸೆಕೆಂಡುಗಳ ಎಕ್ಸ್‌ಪೋಶರ್‌ಗಳಾಗಿ ಸೆರೆಹಿಡಿದಿದ್ದೇನೆ. ಸೆನ್ಸರ್‌ನ ಸ್ವಂತ ಸಂಕೇತವನ್ನು ಕಳೆಯಲು ಬೆಳಕು ಮುಚ್ಚಿ ತೆಗೆದ ಡಾರ್ಕ್ (ಅಷ್ಟೇ ಎಕ್ಸ್‌ಪೋಶರ್) ಮತ್ತು ಬಯಾಸ್ (ಅತಿ ಕಿರು ಎಕ್ಸ್‌ಪೋಶರ್) ಫ್ರೇಮ್‌ಗಳಿವೆ. ಫ್ಲ್ಯಾಟ್ (ಸಮನಾಗಿ ಬೆಳಗಿದ ಮೇಲ್ಮೈಯ ಚಿತ್ರ) ತೆಗೆದಿಲ್ಲ, ಡಿದರಿಂಗ್ (ಫ್ರೇಮ್‌ಗಳ ನಡುವೆ ದೂರದರ್ಶಕದ ಗುರಿಯನ್ನು ತುಸು ಅತ್ತಿತ್ತ ಸರಿಸುವುದು) ಕೂಡ ಮಾಡಿಲ್ಲ. ಸಿರಿಲ್ ತಂತ್ರಾಂಶದಲ್ಲಿ ಸ್ಟ್ಯಾಕ್ ಮಾಡಿ (ಫ್ರೇಮ್‌ಗಳನ್ನು ಒಂದಾಗಿ ಸೇರಿಸಿ) ಸ್ಟ್ರೆಚ್ ಮಾಡಿದರೆ (ಮಸುಕು ಭಾಗಗಳನ್ನು ಬೆಳಗಿಸಿದರೆ) ಮೂಲೆಗಳು ಕಪ್ಪಾಗಿ, ಧೂಳಿನ ಉಂಗುರಗಳು ಎದ್ದು ಕಾಣುತ್ತವೆ. ಹಿನ್ನೆಲೆಯ ತುಂಬ ಓರೆ ಗೆರೆಗಳಿವೆ, ಟ್ರಪೀಜಿಯಂ ನಕ್ಷತ್ರಗಳಿರುವ ನಡುಭಾಗ ಬರೀ ಬಿಳಿಯಾಗಿದೆ. ಹಿನ್ನೆಲೆ ತೆಗೆಯುವ ಸಾಧನ ಬಳಸಿದಾಗ ಮೂಲೆಗಳು ಸರಿಹೋದರೂ ನೀಹಾರಿಕೆಯ ಹೊರಗಿನ ಮಸುಕು ಧೂಳೂ ಅದರೊಂದಿಗೇ ಮಾಯವಾಯಿತು. ಕ್ಯಾಮೆರಾವನ್ನು ದೂರದರ್ಶಕದಿಂದ ಇನ್ನೂ ಬಿಚ್ಚಿಲ್ಲ. ಇವುಗಳಲ್ಲಿ ಯಾವುದನ್ನು ಸಂಸ್ಕರಣೆಯಲ್ಲಿ ಸರಿಪಡಿಸಬಹುದು?

ಉತ್ತರ 1:
ಕ್ಯಾಮೆರಾ ಬಿಚ್ಚಿಲ್ಲವೆಂದರೆ ಅರ್ಧ ಸಮಸ್ಯೆ ಬಗೆಹರಿದಂತೆಯೇ. ಅದನ್ನು ತಿರುಗಿಸದೆ, ಫೋಕಸ್ ಕದಲಿಸದೆ, ಅದೇ ಐಎಸ್‌ಒದಲ್ಲಿ, ಎಲ್ಲ ಕಡೆಗೂ ಸಮನಾಗಿ ಬೆಳಗಿದ ಬಿಳಿ ಮೇಲ್ಮೈಗೆ ಗುರಿಯಿಟ್ಟು ಈಗಲೇ ಫ್ಲ್ಯಾಟ್‌ಗಳನ್ನು ತೆಗೆಯಿರಿ. ಹಿಸ್ಟೋಗ್ರಾಂನ (ಹೊಳಪಿನ ಹಂಚಿಕೆಯ ನಕ್ಷೆಯ) ಶಿಖರ ನಡುಭಾಗದ ಆಸುಪಾಸಿನಲ್ಲಿರಲಿ. ಡಾರ್ಕ್‌ಗಳಿಗೆ ತಾಪಮಾನ ಹೊಂದಬೇಕು, ಫ್ಲ್ಯಾಟ್‌ಗಳಿಗೆ ಬೆಳಕಿನ ದಾರಿ ಹೊಂದಿದರೆ ಸಾಕು.

ಮೂಲೆಗೆ ಶೇ. 70ರಷ್ಟೇ ಬೆಳಕು ತಲುಪುತ್ತಿದ್ದರೆ ಅಲ್ಲಿನ ನಕ್ಷತ್ರ, ನೀಹಾರಿಕೆ, ಆಕಾಶ ಎಲ್ಲವೂ ಅದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ. ಇದನ್ನು ಭಾಗಾಕಾರದಿಂದ ಮಾತ್ರ ಸರಿದೂಗಿಸಬಹುದು, ಫ್ಲ್ಯಾಟ್ ಮಾಡುವುದು ಅದನ್ನೇ. ಹಿನ್ನೆಲೆ ತೆಗೆಯುವ ಸಾಧನವನ್ನು ಸಾಮಾನ್ಯವಾಗಿ ವ್ಯವಕಲನಕ್ಕೆ ಬಳಸುತ್ತೇವೆ. ಬೆಳದಿಂಗಳು, ನಗರದ ಬೆಳಕು ಮುಂತಾಗಿ ಮೇಲಿಂದ ಸೇರಿಕೊಂಡದ್ದಕ್ಕೆ ಅದು ಸೂಕ್ತ. ಕಪ್ಪು ಮೂಲೆಗಳನ್ನು ಅದರಿಂದ ಸಮಗೊಳಿಸಲು ಹೋದದ್ದರಿಂದಲೇ ನಿಮ್ಮ ಧೂಳು ಕಳೆದುಹೋಗಿರಬೇಕು. ಆದ್ದರಿಂದ ಸ್ಟ್ಯಾಕ್ ಆದ ಚಿತ್ರವನ್ನು ಬದಿಗಿಟ್ಟು ಮೂಲ ಫ್ರೇಮ್‌ಗಳಿಂದಲೇ ಪುನಃ ಆರಂಭಿಸಿ: ನಕ್ಷತ್ರಗಳನ್ನು ಹೊಂದಿಸುವ ಮೊದಲೇ ಪ್ರತಿ ಫ್ರೇಮ್‌ಗೂ ಫ್ಲ್ಯಾಟ್ ಅನ್ವಯಿಸಬೇಕು. ಅನಂತರ, ಸ್ಟ್ರೆಚ್‌ಗೆ ಮುನ್ನ, ಒಂದನೇ ಡಿಗ್ರಿಯ ಪಾಲಿನೋಮಿಯಲ್‌ನಿಂದ (ಒಂದೇ ನೇರ ಇಳಿಜಾರಿನಂಥ ಸರಳ ಲೆಕ್ಕದಿಂದ) ಹಿನ್ನೆಲೆ ತೆಗೆಯಿರಿ. ಹಿನ್ನೆಲೆಯನ್ನು ಅಳೆಯಲು ಸಾಧನ ಬಳಸುವ ಮಾದರಿ ಬಿಂದುಗಳಲ್ಲಿ ನೀಹಾರಿಕೆಯ ಮೇಲೆ ಬಿದ್ದವನ್ನು ಒಂದೊಂದಾಗಿ ಅಳಿಸುವುದು ಬೇಸರದ ಕೆಲಸ, ಆದರೆ ಮಸುಕು ಧೂಳು ಉಳಿಯುವುದು ಅದರಿಂದಲೇ.

ಉತ್ತರ 2:
ಓರೆ ಗೆರೆಗಳಿಗೆ ಇಷ್ಟು ಒಳ್ಳೆಯ ಪರಿಹಾರವಿಲ್ಲ. ರಾತ್ರಿಯಿಡೀ ಚೌಕಟ್ಟು ಒಂದೇ ದಿಕ್ಕಿಗೆ ನಿಧಾನವಾಗಿ ಜರುಗಿರುವುದರಿಂದ, ನಕ್ಷತ್ರಗಳನ್ನು ಹೊಂದಿಸಿದಾಗ ಸೆನ್ಸರ್‌ನ ಸ್ಥಿರ ನಾಯ್ಸ್ ಗೆರೆಯಾಗಿ ಎಳೆದುಕೊಳ್ಳುತ್ತದೆ. ಕಾಸ್ಮೆಟಿಕ್ ಕರೆಕ್ಷನ್ (ಕೆಟ್ಟ ಪಿಕ್ಸೆಲ್‌ಗಳ ತಿದ್ದುಪಡಿ) ಮತ್ತು ಸ್ಟ್ಯಾಕಿಂಗ್‌ನ ಸಿಗ್ಮಾ ಕ್ಲಿಪ್ಪಿಂಗ್ (ಉಳಿದವಕ್ಕಿಂತ ತೀರ ಭಿನ್ನವಾದ ಮೌಲ್ಯಗಳನ್ನು ಕೈಬಿಡುವುದು) ಬಿಸಿ ಪಿಕ್ಸೆಲ್‌ಗಳನ್ನು (ಬೆಳಕಿಲ್ಲದೆಯೂ ಹೊಳೆಯುವವನ್ನು) ಹೆಕ್ಕಿ ತೆಗೆಯುತ್ತವೆ. ಮಂದ ಗೆರೆಗಳು ಉಳಿಯುತ್ತವೆ. ನಾಯ್ಸ್ ತಗ್ಗಿಸುವ ಸಾಧನಗಳು ಅವನ್ನು ನಿಜವಾದ ರಚನೆಯೆಂದು ಭಾವಿಸಿ ಇನ್ನಷ್ಟು ಸ್ಪಷ್ಟಗೊಳಿಸುವ ಅಪಾಯವೂ ಇದೆ. ಮುಂದೆ ಡಿದರಿಂಗ್‌ನೊಂದಿಗೆ ತೆಗೆದ ಫ್ರೇಮ್‌ಗಳನ್ನು ಇವುಗಳ ಜೊತೆ ಸೇರಿಸುವುದೇ ಸರಿಯಾದ ದಾರಿ.

ನಡುಭಾಗದ ವಿಷಯದಲ್ಲಿ ಮೊದಲು ಒಂದು ಮೂಲ ಫ್ರೇಮ್ ತೆರೆದು ಪಿಕ್ಸೆಲ್ ಮೌಲ್ಯಗಳನ್ನು ನೋಡಿ. 14 ಬಿಟ್ ಕ್ಯಾಮೆರಾದಲ್ಲಿ ಅಂಕೆಗಳ ಮಿತಿ 16383. ಹಲವು ಕ್ಯಾಮೆರಾಗಳಲ್ಲಿ ಅದಕ್ಕಿಂತ ತುಸು ಕೆಳಗೇ ಬೆಳಕು ತುಂಬಿಹೋಗುತ್ತದೆ. ಮೌಲ್ಯಗಳು ಆ ಗರಿಷ್ಠದಲ್ಲೇ ನಿಂತಿದ್ದರೆ ಅಲ್ಲಿನ ವಿವರ ದಾಖಲಾಗಿಯೇ ಇಲ್ಲ, ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ಆಗ 5ರಿಂದ 10 ಸೆಕೆಂಡುಗಳ ಫ್ರೇಮ್‌ಗಳನ್ನು ತೆಗೆದು, ಪ್ರತ್ಯೇಕವಾಗಿ ಸ್ಟ್ಯಾಕ್ ಮಾಡಿ, ಮಾಸ್ಕ್ ಮೂಲಕ (ಆ ಭಾಗಕ್ಕೆ ಮಾತ್ರ ತಗಲುವಂತೆ) ಬೆರೆಸಿ; ಈ ಭಾಗ ತುಂಬ ಪ್ರಕಾಶಮಾನವಾದ್ದರಿಂದ ಹೆಚ್ಚು ಫ್ರೇಮ್‌ಗಳು ಬೇಕಾಗುವುದಿಲ್ಲ. ಗರಿಷ್ಠ ಮುಟ್ಟಿಲ್ಲವಾದರೆ ದೋಷ ಸ್ಟ್ರೆಚ್‌ನದು, ಕಡಿಮೆ ಸ್ಟ್ರೆಚ್ ಮಾಡಿದ ಪ್ರತಿಯಿಂದಲೇ ಆ ಭಾಗವನ್ನು ತುಂಬಬಹುದು.

ಉತ್ತರ 3:
ಫ್ಲ್ಯಾಟ್ ತೆಗೆಯುವ ಮುನ್ನ ಒಂದು ಎಚ್ಚರಿಕೆ. ಅನೇಕ ಡಿಎಸ್‌ಎಲ್‌ಆರ್‌ಗಳು ಆನ್ ಅಥವಾ ಆಫ್ ಮಾಡಿದಾಗಲೆಲ್ಲ ಸೆನ್ಸರ್ ಮುಂದಿನ ಗಾಜನ್ನು ಕಂಪಿಸಿ ಧೂಳು ಉದುರಿಸುತ್ತವೆ. ಆ ಕಣಗಳು ಜಾಗ ಬದಲಿಸಿದ್ದರೆ, ಹಳೆಯ ಕಪ್ಪು ಉಂಗುರ ಹಾಗೆಯೇ ಉಳಿದು, ಪಕ್ಕದಲ್ಲೊಂದು ಬಿಳಿ ಉಂಗುರ ಹೊಸದಾಗಿ ಮೂಡುತ್ತದೆ. ಮೂಲೆಗಳ ತಿದ್ದುಪಡಿಗೆ ಇದರಿಂದ ತೊಂದರೆಯಿಲ್ಲ. ಮೆನುವಿನಲ್ಲಿ ಸ್ವಯಂಚಾಲಿತ ಸ್ವಚ್ಛತೆಯ ಆಯ್ಕೆಯನ್ನು ನಿಲ್ಲಿಸಿ, ಮುಂದಿನ ಬಾರಿ ಕ್ಯಾಮೆರಾ ಆಫ್ ಮಾಡುವ ಮೊದಲೇ ಫ್ಲ್ಯಾಟ್‌ಗಳನ್ನು ಮುಗಿಸಿಕೊಳ್ಳಿ.