ಬ್ಲೆಂಡರ್ (3ಡಿ ಸಾಫ್ಟ್‌ವೇರ್): ಹೆರಿಗೆ ಕೊಠಡಿ ಮಾಡೆಲ್ ಗೊಂಬೆಮನೆ ಥರ ಕಾಣ್ತಿದೆ, ಲೈಟಿಂಗ್ ಸರಿ ಇದ್ರೂ!!

ಮೆಶ್_ಮಲ್ಲಿ
ಸಾಕಾಗಿ ಹೋಗಿದೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ತೋರಿಸೋಕೆ ತಾಲ್ಲೂಕು ಆಸ್ಪತ್ರೆ ಮಟ್ಟದ ಹೆರಿಗೆ ಕೊಠಡಿ ಮಾಡ್ತಿದ್ದೀನಿ. ಲೇಬರ್ ಟೇಬಲ್, ಮಗೂನ ಬೆಚ್ಚಗಿಡೋ ವಾರ್ಮರ್, ಟ್ರಾಲಿ, ಗೋಡೆ ಟೈಲ್ಸ್ ಎಲ್ಲಾ ಕೂರಿಸಿದೀನಿ, ಗ್ರೌಟ್‌ಗೂ ಕೊಳೆ ಹಾಕಿದೀನಿ. ಆದ್ರೂ ನೋಡಿದವರೆಲ್ಲ "ಗೊಂಬೆಮನೆ ಮುದ್ದಾಗಿದೆ" ಅಂತಾರೆ. ಅಳತೆ ಪಕ್ಕಾ, ಪ್ಲಾನ್ ಇಟ್ಕೊಂಡೇ ಮಾಡಿರೋದು. ಲೈಟಿಂಗೂ ಸರಿ ಇದೆ. ರೆಂಡರ್ (ಮಾಡೆಲ್‌ನಿಂದ ತೆಗೆದ ಚಿತ್ರ) ಹಾಕಿದೀನಿ. "ಟ್ಯುಟೋರಿಯಲ್ ನೋಡಿ" ಅನ್ನೋರು ದಯವಿಟ್ಟು ಮುಂದೆ ಹೋಗಿ.

ರೆಂಡರ್‌ರಾಯ
ಯಾವ ವರ್ಷನ್? ರೆಂಡರ್ ಎಂಜಿನ್ ಸೈಕಲ್ಸಾ ಈವೀನಾ?

ಮೆಶ್_ಮಲ್ಲಿ
ಸೈಕಲ್ಸೇ. ವರ್ಷನ್ ಹೊಸದೇ.

ರೆಂಡರ್‌ರಾಯ
"ಹೊಸದೇ" ಅಂದ್ರೆ 4.0 ಆದ್ಮೇಲಿಂದು ಅಂತ ಇಟ್ಕೊಳ್ತೀನಿ. ಹಾಗಾದ್ರೆ ರೋಗ ಸಿಕ್ತು. 4.0ರಿಂದ ಡೀಫಾಲ್ಟ್ ವ್ಯೂ ಟ್ರಾನ್ಸ್‌ಫಾರ್ಮ್ (ಬೆಳಕು, ಬಣ್ಣನ ಸ್ಕ್ರೀನ್‌ಗೆ ಹೊಂದಿಸೋ ಸೆಟ್ಟಿಂಗ್) ಏಜೆಕ್ಸ್. ಬಿಳಿ ಟೈಲ್ಸ್, ಹಸಿರು ಪರದೆ ಎರಡೂ ಸಪ್ಪೆ ಆಗ್ತವೆ, ಪ್ಲಾಸ್ಟಿಕ್ ಥರ ಕಾಣೋದು ಅದಕ್ಕೇ. ಹಳೆ ಫಿಲ್ಮಿಕ್‌ಗೆ ವಾಪಸ್ ಹೋಗಿ, ಲುಕ್ ಹೈ ಕಾಂಟ್ರಾಸ್ಟ್ ಇಡಿ.

ಮೆಶ್_ಮಲ್ಲಿ
ಹಾಕಿದೆ. ಈಗ ಕಾಂಟ್ರಾಸ್ಟ್ ಜಾಸ್ತಿ ಇರೋ ಗೊಂಬೆಮನೆ.

ರೆಂಡರ್‌ರಾಯ
ಎಕ್ಸ್‌ಪೋಶರ್ 0.5 ಇಳಿಸಿ. ಕಿಟಕಿಗೆ ಒಳ್ಳೆ ಎಚ್‌ಡಿಆರ್‌ಐ (ಹೊರಗಿನ ಬೆಳಕು ಕೊಡೋ ಫೋಟೋ) ಕೊಡಿ. ಏಜೆಕ್ಸ್ ಬಿಡದೆ ಇದು ಸರಿ ಹೋಗಲ್ಲ.

ನೋಡ್‌ನಾಗ
ರಾಯರೇ, ಪ್ರತಿ ಥ್ರೆಡ್‌ನಲ್ಲೂ ಏಜೆಕ್ಸ್ ಮೇಲೇ ಗೂಬೆ ಕೂರಿಸ್ತೀರಲ್ಲ. ಏಜೆಕ್ಸ್ ಇರೋದೇ ಜೋರು ಬೆಳಕಲ್ಲಿ ಬಣ್ಣ ಕೆಡದೆ ಇರ್ಲಿ ಅಂತ. ಇಲ್ಲಿ ಚುಕ್ಕೆ ಅಳಿಸೋ ಡೀನಾಯ್ಸರ್ ಟೈಲ್ಸ್ ವಿವರನೆಲ್ಲ ನುಂಗಿದೆ ಅಷ್ಟೇ. ಸ್ಯಾಂಪಲ್ಸ್ (ಒಂದೊಂದು ಪಿಕ್ಸೆಲ್‌ಗೆ ಎಷ್ಟು ಸಲ ಬೆಳಕಿನ ಲೆಕ್ಕ ಅನ್ನೋದು) ಏರಿಸಿ. ನನ್ನ 4090 ಗ್ರಾಫಿಕ್ಸ್ ಕಾರ್ಡ್‌ನಲ್ಲಿ 4096 ಸ್ಯಾಂಪಲ್ ಹಾಕಿದ್ರೂ ಕಾಫಿ ಆರೋದ್ರೊಳಗೆ ಮುಗಿಯುತ್ತೆ.

ಜಯನಗರ_3ಡಿ
ಬಂತು 4090. ನಾನು 3060 12 ಜಿಬಿ ಇಟ್ಕೊಂಡು ಇಡೀ ಕಲ್ಯಾಣ ಮಂಟಪ ರೆಂಡರ್ ಮಾಡಿದೀನಿ ಸ್ವಾಮಿ, ಹೂವಿನ ಅಲಂಕಾರ ಸಮೇತ. ಇನ್‌ಸ್ಟೆನ್ಸ್ (ಒಂದೇ ಆಕಾರ ಹಂಚಿಕೊಳ್ಳೋ ನಕಲು) ಬಳಸೋಕೆ ಬರ್ಬೇಕು.

ನೋಡ್‌ನಾಗ
ಬಳಸ್ತೀವಿ. ಎರಡು ಮಾನಿಟರ್‌ನಲ್ಲಿ ನೋಡ್ಕೊಂಡೇ ಬಳಸ್ತೀವಿ.

ಸಿಸ್ಟರ್_ಧಾರ್ವಾಡ
ನಾ ಲೇಬರ್ ರೂಮ್ ಸ್ಟಾಫ್ ನರ್ಸ್, ಬ್ಲೆಂಡರ್ ಈಗ ಕಲಿಯಾಕತ್ತೀನಿ. ಬೆಳಕಿನ ಮಾತು ನೀವು ನೋಡ್ಕೋರಿ, ನನಗ ಕಣ್ಣಿಗೆ ಹೊಡದದ್ದು ಬ್ಯಾರೆ ಅದ. ಟೇಬಲ್ಲಿನ ಕಾಲ್ ಕಡೆ ಸೀದಾ ಬಾಗಿಲಿಗೆ ಮಾಡಿಟ್ಟೀರಿ. ಬಾಗಲಾ ತಗದ್ರ ಹೊರಗ ನಿಂತಾವ್ರಿಗೆಲ್ಲಾ ಕಾಣ್ತದ. ಎರಡು ಟೇಬಲ್ ಅದಾವ, ನಡುವ ಪರದೆ ಇಲ್ಲ. 2017ರಾಗ ಹೆರಿಗೆ ಕೊಠಡಿ ಸುಧಾರಿಸೂ ಲಕ್ಷ್ಯ ಕಾರ್ಯಕ್ರಮ ಬಂದ ಮ್ಯಾಲೆ ಇಂಥಾದನ್ನೆಲ್ಲಾ ಚೆಕ್‌ಲಿಸ್ಟ್ ಹಿಡ್ಕೊಂಡು ನೋಡ್ತಾರ. ಗಡಿಯಾರಕ್ಕ ಸೆಕೆಂಡ್ ಮುಳ್ಳು ಹಾಕ್ರಿ, ಅದು ಶೋಕಿಗಲ್ಲ. ಕೂಸು ಉಸಿರಾಡ್ಲಿಲ್ಲ ಅಂದ್ರ ಮೊದಲ ಒಂದು ನಿಮಿಷದಾಗ ಉಸಿರು ಕೊಡೂ ಬ್ಯಾಗ್ ಮಾಸ್ಕ್ ಹಚ್ಚಬೇಕು. ಚಲೋ ಅತ್ತಿತಂದ್ರ ಹೊಕ್ಕಳಬಳ್ಳಿ ಕ್ಲಾಂಪ್ ಮಾಡಾಕ 1ರಿಂದ 3 ನಿಮಿಷ ತಡೀತೀವಿ. ಎಲ್ಲಾ ಆ ಮುಳ್ಳು ನೋಡೇ. ಟ್ರೇ ಒಂದ ಇಟ್ಟೀರಿ, ಇರಬೇಕಾದ್ದು ಏಳು. ಡೆಲಿವರಿ, ಎಪಿಸಿಯಾಟಮಿ (ಹೆರಿಗೆ ದಾರಿ ಅಗಲ ಮಾಡಾಕ ಕೊಯ್ಯೂದು), ಬೇಬಿ ಟ್ರೇ ಮೂರಾದ್ರೂ ತೋರ್ಸ್ರಿ. ಕಸದ ಡಬ್ಬಿ ಎಲ್ಲಾ ಕೆಂಪು ಮಾಡೀರಿ, ಮಾಸು ಹೋಗೂದು ಹಳದಿಗೆ. ಮತ್ತ ವಾರ್ಮರ್ ಮ್ಯಾಲಿನ ಹೀಟರ್ ಯಾಕ ಅಷ್ಟು ಕೆಂಪಗ ಉರಿಯಾಕತ್ತದ?

ಮೆಶ್_ಮಲ್ಲಿ
ಥ್ಯಾಂಕ್ಸ್ ಸಿಸ್ಟರ್, ಬರ್ಕೊಂಡೆ. ಹೀಟರ್‌ಗೆ ಬ್ಲ್ಯಾಕ್‌ಬಾಡಿ ನೋಡ್ (ಶಾಖಕ್ಕೆ ತಕ್ಕ ಬಣ್ಣ ಕೊಡೋದು) ಹಾಕಿದೀನಿ, ಅದು ವೈಜ್ಞಾನಿಕವಾಗಿ ಸರಿ.

ಸಿಸ್ಟರ್_ಧಾರ್ವಾಡ
ನಮ್ಮಲ್ಲಿದ್ದದ್ದು ಸೆರಾಮಿಕ್. ಕೈ ಹಿಡದ್ರ ಬಿಸಿ ಗೊತ್ತಾಗ್ತದ, ಕಣ್ಣಿಗೆ ಕೆಂಪು ಕಾಣೂದಿಲ್ಲ.

ಜಯನಗರ_3ಡಿ
ಕ್ವಾರ್ಟ್ಜ್ ಕೊಳವೆ ಇರೋ ವಾರ್ಮರ್ ಕೆಂಪಗೇ ಕಾಣುತ್ತೆ ಮೇಡಂ.

ಸಿಸ್ಟರ್_ಧಾರ್ವಾಡ
ಇರಬಹುದ್ರಿ. ಇವ್ರು ಮಾಡಿದ್ದು ಯಾವ್ದು? ಕೊಳವಿನೂ ಕಾಣವಲ್ದು, ಮೈಬಿಸಿ ನೋಡಾಕ ಕೂಸಿಗೆ ಹಚ್ಚೋ ಸ್ಕಿನ್ ಪ್ರೋಬ್ ವೈರೂ ಕಾಣವಲ್ದು.

ರೆಂಡರ್‌ರಾಯ
ಹೀಟರ್ ಚರ್ಚೆಗೆ ಬೇರೆ ಥ್ರೆಡ್ ತೆಗೀರಿ. ಮಲ್ಲಿ, ಎಚ್‌ಡಿಆರ್‌ಐ ಹಾಕಿದ್ರಾ?

ಮೂಲೆಮನೆ
ಮಲ್ಲಿ, ಮೂರು ಪ್ರಶ್ನೆ. ಟ್ಯೂಬ್‌ಲೈಟ್‌ಗೆ ಇಟ್ಟಿರೋ ಏರಿಯಾ ಲೈಟ್ ಪವರ್ ಎಷ್ಟು? ಕ್ಯಾಮೆರಾದಲ್ಲಿ ಡೆಪ್ತ್ ಆಫ್ ಫೀಲ್ಡ್ (ಫೋಕಸ್ ಬಿಟ್ಟದ್ದು ಮಬ್ಬಾಗೋದು) ಆನ್ ಇದೆಯಾ? ಕ್ಲಿಪ್ ಸ್ಟಾರ್ಟ್ (ಕ್ಯಾಮೆರಾಗೆ ಅದಕ್ಕಿಂತ ಹತ್ತಿರದ್ದು ಕಾಣಲ್ಲ ಅನ್ನೋ ದೂರ) ಎಷ್ಟು?

ಮೆಶ್_ಮಲ್ಲಿ
ಪವರ್ ಅರ್ಧ ವ್ಯಾಟ್, ಅದಕ್ಕಿಂತ ಏರಿಸಿದ್ರೆ ಎಲ್ಲಾ ಬೆಳ್ಳಗೆ ಸುಟ್ಟು ಹೋಗುತ್ತೆ. ಡೆಪ್ತ್ ಆನ್ ಇದೆ, ಎಫ್ 2.8, ಲೆನ್ಸ್ 24. ನಿಜವಾದ ಫೋಟೋ ಥರ ಬರ್ಲಿ ಅಂತ. ಕ್ಲಿಪ್ 0.01, ಇಲ್ಲಾಂದ್ರೆ ಮುಂದಿನ ಟ್ರಾಲಿ ಅರ್ಧ ಕತ್ತರಿಸಿ ಹೋಗ್ತಿತ್ತು. ಇದಕ್ಕೂ ಗೊಂಬೆಮನೆಗೂ ಏನು ಸಂಬಂಧ?

ಮೂಲೆಮನೆ
ಬಾಗಿಲು ಸೆಲೆಕ್ಟ್ ಮಾಡಿ ಎನ್ ಒತ್ತಿ. ಡೈಮೆನ್ಶನ್ಸ್‌ನಲ್ಲಿ ಝಡ್ ಎಷ್ಟಿದೆ ಓದಿ ಹೇಳಿ. ಪ್ಲಾನ್‌ನಲ್ಲಿ ಎಷ್ಟಿದೆ ಅಂತಲ್ಲ.

ಮೆಶ್_ಮಲ್ಲಿ
0.21 ಮೀ. ಪ್ಲಾನ್‌ನಲ್ಲಿ 210 ಅಂತಿದೆ.

ಮೂಲೆಮನೆ
ಅಲ್ಲೇ ಇರೋದು. ಡ್ರಾಯಿಂಗ್ ಸೆಂಟಿಮೀಟರ್‌ನಲ್ಲಿದೆ, ಡಿಎಕ್ಸ್‌ಎಫ್ (ಪ್ಲಾನ್ ಫೈಲ್) ಇಂಪೋರ್ಟ್ ಮಾಡುವಾಗ ಮಿಲಿಮೀಟರ್ ಅಂತ 0.001 ಸ್ಕೇಲ್ ಹೋಗಿದೆ. 6 ಮೀಟರ್ ಕೋಣೆ 60 ಸೆಂ.ಮೀ. ಆಗಿದೆ. ಡೌನ್‌ಲೋಡ್ ಮಾಡಿದ ಟೇಬಲ್, ವಾರ್ಮರ್ ಎಲ್ಲಾ ಆ ಬಾಗಿಲಿಗೆ ಹೊಂದಿಸಿ ಕಣ್ಣಳತೆಯಲ್ಲಿ ಕುಗ್ಗಿಸಿದ್ದೀರಿ, ಅದಕ್ಕೇ ಒಂದಕ್ಕೊಂದು ಸರಿಯಾಗೇ ಕಾಣ್ತಿವೆ.
ಲೆನ್ಸ್ ಮಾತ್ರ ಕುಗ್ಗಿಲ್ಲ ನೋಡಿ, ಅದು ನಿಜವಾದ 24 ಮಿ.ಮೀ. ಎಫ್ 2.8ಕ್ಕೆ 4 ಮೀಟರ್ ದೂರ ಫೋಕಸ್ ಇಟ್ರೆ ಸುಮಾರು ಎರಡೂವರೆಯಿಂದ ಒಂಬತ್ತೂವರೆ ಮೀಟರ್‌ವರೆಗೆ ಶಾರ್ಪ್, ಅಂದ್ರೆ ಹೆಚ್ಚುಕಮ್ಮಿ ಇಡೀ ಕೋಣೆ. ಅದೇ 40 ಸೆಂ.ಮೀ.ಗೆ ಇಟ್ರೆ ಶಾರ್ಪ್ ಇರೋ ಪಟ್ಟಿ 5 ಸೆಂ.ಮೀ. ಕೂಡ ಸಿಗಲ್ಲ. ಟೇಬಲ್ ಸ್ಪಷ್ಟ, ಹಿಂದಿನ ಗೋಡೆ ಮಬ್ಬು. ಹತ್ತಿರದಿಂದ ಪುಟ್ಟ ವಸ್ತು ತೆಗೆದ ಫೋಟೋ ಹಾಗಿರುತ್ತೆ ಅಂತ ಕಣ್ಣಿಗೆ ಗೊತ್ತು.

ರೆಂಡರ್‌ರಾಯ
ಬ್ಲರ್ ನಾನೂ ಗಮನಿಸಿದ್ದೆ. ಆದ್ರೆ ಬಣ್ಣ ಸಪ್ಪೆ ಆಗಿರೋದಕ್ಕೆ ಅದು ಉತ್ತರ ಅಲ್ಲ.

ಮೆಶ್_ಮಲ್ಲಿ
ಡ್ರಾಯಿಂಗ್ ಕೊಟ್ಟವರು ಯೂನಿಟ್ ಬರೀಬೇಕಿತ್ತು. ಇರ್ಲಿ, ಈಗ ಎಲ್ಲಾ ಸೆಲೆಕ್ಟ್ ಮಾಡಿ ಹತ್ತುಪಟ್ಟು ಮಾಡಿದೆ. ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಅಂದ್ರೆ ಮಲ್ಟಿ ಯೂಸರ್ ಅಂತ ಎರರ್. ಅದರ ಜೊತೆ ಕೋಣೆ ಪೂರ್ತಿ ಕತ್ತಲೆ!!

ರೆಂಡರ್‌ರಾಯ
ಕತ್ತಲೆ. ಲೈಟಿಂಗ್ ಸಮಸ್ಯೆ ಅಂತ ನಾನು ಮೊದಲಿಂದ ಹೇಳ್ತಿದ್ದೆ.

ಮೂಲೆಮನೆ
ದೂರ ಹತ್ತುಪಟ್ಟಾದ್ರೆ ಬೆಳಕು ನೂರನೇ ಒಂದು ಭಾಗ. ಅರ್ಧ ವ್ಯಾಟನ್ನ 50 ಮಾಡಿ, ಅಲ್ಲಿಂದ ಆಚೆ ಈಚೆ ನೋಡ್ಕೊಳ್ಳಿ. ಫೋಕಸ್ ದೂರ ನಂಬರ್‌ನಲ್ಲಿ ಕೊಟ್ಟಿದ್ರೆ ಅದೂ ಹತ್ತುಪಟ್ಟು. ಎರರ್ ಬರೋದು ಆಲ್ಟ್ ಡಿ ಹಾಕಿ ನಕಲು ಮಾಡಿ ಒಂದೇ ಮೆಶ್ (ಆಕಾರ) ಹಂಚಿಕೊಂಡಿರೋ ವಸ್ತುಗಳಿಗೆ. ಆಬ್ಜೆಕ್ಟ್ ಮೆನುವಿನ ರಿಲೇಶನ್ಸ್‌ನಲ್ಲಿ ಮೇಕ್ ಸಿಂಗಲ್ ಯೂಸರ್ ಇದೆ. ಅಪ್ಲೈ ಆದ್ಮೇಲೆ ಬೆವೆಲ್ ಮಾಡಿಫೈಯರ್ ದುಂಡಗೆ ಮಾಡಿದ ಅಂಚುಗಳು ತೆಳ್ಳಗಾಗಿರ್ತವೆ, ವಿಡ್ತ್ ಏರಿಸಿ.

ಜಯನಗರ_3ಡಿ
ಎಲ್ಲಾ ಸಿಂಗಲ್ ಯೂಸರ್ ಮಾಡಿಸ್ಬೇಡಿ! ಮೆಮರಿ ತುಂಬಿ ಹೋಗುತ್ತೆ. ನನ್ನ ಕಲ್ಯಾಣ ಮಂಟಪದಲ್ಲಿ ಎಂಟುನೂರು ಕುರ್ಚಿ, ಮೆಶ್ ಒಂದೇ.

ಮೂಲೆಮನೆ
ಇವರ ಕೋಣೇಲಿ ಇರೋದು ಎರಡು ಟೇಬಲ್, ನಾಲ್ಕು ಡಬ್ಬಿ.

ಜಯನಗರ_3ಡಿ
ಅಭ್ಯಾಸ ಅಂತ ಒಂದಿರುತ್ತಲ್ಲ.

ಮೆಶ್_ಮಲ್ಲಿ
50 ಹಾಕಿದೆ. ಹಿಂದಿನ ಗೋಡೆ ಈಗ ಸ್ಪಷ್ಟ. ಟೇಬಲ್ ಪಕ್ಕದ ಮೆಟ್ಟಿಲು ಸ್ಟೂಲು ಮಾತ್ರ ಕೋಣೆಗಿಂತ ದೊಡ್ಡದಾಗಿದೆ. ಅದನ್ನ ಟೇಬಲ್‌ಗೆ ಪೇರೆಂಟ್ ಮಾಡಿದ್ದೆ (ಟೇಬಲ್ ಬದಲಾದ್ರೆ ಅದೂ ಬದಲಾಗುತ್ತೆ). ಯಾಕೆ?

ಸಿಸ್ಟರ್_ಧಾರ್ವಾಡ
ಸ್ಟೂಲ್ ಸಣ್ಣದು ಮಾಡೂದ್ರಾಗ ಟೇಬಲ್ಲಿನ ಕಾಲ್ ಕಡೆನೂ ತಿರುವ್ರಿ. ಇನ್ನೂ ಬಾಗಿಲಿಗೇ ಅದ.