ಕ್ರೂಡ್ ಎಣ್ಣಿಯೊಳಗಿನ ನೀರು ಬಿಡವಲ್ದು, ಮೂರು ದಿನ ಆತು

ಬಾಗಲಕೋಟಿ_ಲ್ಯಾಬ್:
ಎಣ್ಣಿ 70, ಉಪ್ಪುನೀರು 30 ಎಂ.ಎಲ್., ಹೋಮೋಜನೈಸರ್‌ನ್ಯಾಗ (ಜೋರಾಗಿ ಕಲಸೋ ಯಂತ್ರ) 5 ನಿಮಿಷ ಕಲಸೇನಿ. ತಳದಾಗ ಒಂದು ಹನಿ ನೀರಿಲ್ಲ. ತೆಳು ಮಾಡಿ ಸೆಂಟ್ರಿಫ್ಯೂಜ್ ಹೊಡದ್ರ ಇನ್ನೂ ಬಿಗಿ ಆತು! ನೀರು-ಎಣ್ಣಿ ಬ್ಯಾರೆ ಮಾಡೋ ಡಿಮಲ್ಸಿಫೈಯರ್ ಸುದ್ದಾ ಹಾಕೇನಿ. ಸೋಮವಾರ ತೋರಸಬೇಕು.

ವಿಜಯಪುರ_ವಾಲ್ವ್:
ಮೇಣ. ರಾಜಸ್ಥಾನದ ಬಾಡಮೇರ ಎಣ್ಣಿ ಇರಬೇಕು, ಅದರಾಗ ಮೇಣ ಜಾಸ್ತಿ. 60 ಡಿಗ್ರಿ ನೀರಿನ್ಯಾಗ ಅರ್ಧ ತಾಸು ಇಡ್ರಿ.

ಬಾಗಲಕೋಟಿ_ಲ್ಯಾಬ್:
ಇಟ್ಟಿದ್ದೆ. ಎಣ್ಣಿ ಸಡಿಲಾತು, ನೀರು ಬಿಡಲಿಲ್ಲ.

ವಿಜಯಪುರ_ವಾಲ್ವ್:
ಹಂಗಾರ 75. ಮೇಣನೇ ಅದು.

ಕುಂದಾನಗರಿ:
ತಡೀರಿ. ಎಣ್ಣಿ ಎಲ್ಲಿದು? ತೆಳು ಮಾಡಿದ್ದು ಯಾತರಿಂದ? ಡೋಸ್ ಎಷ್ಟು?

ಬಾಗಲಕೋಟಿ_ಲ್ಯಾಬ್:
ಗುಜರಾತಿನ ಮೆಹಸಾಣಾದ್ದು, ಡಾಂಬರ್ ಇದ್ದಂಗ ಐತಿ. ಪೆಟ್ರೋಲಿಯಂ ಈಥರ್ ರೀ, ಮತ್ತೇನು ಹಾಕ್ತಾರ? ಡೋಸ್ 2 ಎಂ.ಎಲ್.

ಕುಂದಾನಗರಿ:
ಅಲ್ಲೇ ಕೆಟ್ಟೈತಿ. ಎಣ್ಣಿಯೊಳಗಿನ ಡಾಂಬರಿನಂಥ ಅಂಶ ಆಸ್ಫಾಲ್ಟೀನ್; ಅದು ಟಾಲ್ಯೂಯೀನ್ ಅನ್ನೋ ದ್ರಾವಕದಾಗ ಕರಗತೈತಿ, ಈಥರ್‌ನ್ಯಾಗ ಕರಗಂಗಿಲ್ಲ. ಈಥರ್ ಹಾಕಿದ ಕೂಡಲೇ ಎಣ್ಣಿಯಿಂದ ಹೊರಬಿದ್ದು ನೀರಹನಿಗೆ ಅಂಟಿಕೋತೈತಿ. ಸೂಜಿ ತುದಿಗೆ ನೀರಹನಿ ಕಟ್ಟಿ, ಟಾಲ್ಯೂಯೀನ್ ಬೆರೆಸಿದ ಎಣ್ಣಿಯೊಳಗ ಸುದ್ದಾ ಒಂದು ತಾಸು ಬಿಟ್ಟು, ವಾಪಸ್ ಸಿರಿಂಜಿಗೆ ಎಳೀರಿ: ಹನಿ ಸಣ್ಣದಾಗತಿದ್ದಂಗ ಮೈ ಒಣದ್ರಾಕ್ಷಿಯಂಗ ಸುಕ್ಕಾಗತೈತಿ. ಆ ಸುಕ್ಕೇ ಆಸ್ಫಾಲ್ಟೀನ್ ತೊಗಲು; ಅದು ಇರೋತನಕ ಎರಡು ಹನಿ ತಾಗಿದ್ರೂ ಕೂಡಂಗಿಲ್ಲ. ಬಿಸಿಗೆ ಮೇಣ ಕರಗೀತು, ಈ ತೊಗಲಲ್ಲ. ದಿನ ಹೋದಂಗ ಇನ್ನೂ ಗಟ್ಟಿ ಆಗತೈತಿ, ಮೂರು ದಿನ ಇಟ್ಟಿದ್ದೂ ತಪ್ಪು.
ನೂರು ಎಂ.ಎಲ್.ಗೆ 2 ಎಂ.ಎಲ್. ಅಂದ್ರ 20,000 ಪಿಪಿಎಂ, ಹತ್ತು ಲಕ್ಷ ಪಾಲಿಗೆ 20,000 ಪಾಲು! ನೂರರ ಆಸುಪಾಸು ಸಾಕು. ಹೆಚ್ಚಾದ್ರ ಆ ಡಿಮಲ್ಸಿಫೈಯರೇ ಎಮಲ್ಷನ್ (ಎಣ್ಣಿ-ನೀರು ಬಿಡದ ಬೆರಕಿ) ಕಟ್ತೈತಿ.
ಹೊಸ ಬ್ಯಾಚ್ ಮಾಡ್ರಿ. ಎಮಲ್ಷನ್ 50, ಟಾಲ್ಯೂಯೀನ್ 50 ಎಂ.ಎಲ್. ಟಾಲ್ಯೂಯೀನ್‌ಗೆ ಮೊದಲೇ 60 ಡಿಗ್ರಿಯೊಳಗ ನೀರು ಕುಡಿಸ್ರಿ, ಇಲ್ಲಾಂದ್ರ ನಿಮ್ಮ ನೀರನ್ನೇ ಹೀರತೈತಿ. ಡಿಮಲ್ಸಿಫೈಯರ್‌ನ ಶೇ. 10ರ ದ್ರಾವಣ 0.05 ಎಂ.ಎಲ್. 60 ಡಿಗ್ರಿಗೆ 15 ನಿಮಿಷ, ಆಮೇಲೆ ಸೆಂಟ್ರಿಫ್ಯೂಜ್‌ನ್ಯಾಗ 600 ಜಿ (ಭೂಮಿ ಸೆಳೆತದ 600 ಪಟ್ಟು), 10 ನಿಮಿಷ.
ವಾಲ್ವ್ ಸಾಹೇಬ್ರ, ಈಥರ್ 40–60ಕ್ಕೇ ಕುದೀತೈತಿ. 75ಕ್ಕ ಮುಚ್ಚಿದ ಟ್ಯೂಬ್ ಸಿಡೀತಿತ್ತು.

ವಿಜಯಪುರ_ವಾಲ್ವ್:
ಈಥರ್ ಅಂತ ಅವರು ಮೊದಲೇ ಹೇಳಿದ್ರೇನು? ಮೆಹಸಾಣಾದಾಗೂ ಮೇಣ ಇರ್ತದ.

ಘಟಪ್ರಭಾ_77:
600 ಜಿ ಯಾಕ? ನೇರ 3000 ಆರ್‌ಪಿಎಂ ಅನ್ರಿ.

ಕುಂದಾನಗರಿ:
ತ್ರಿಜ್ಯ ಹೇಳದ ಆರ್‌ಪಿಎಂಗೆ ಅರ್ಥ ಇಲ್ಲ. 15 ಸೆಂ.ಮೀ. ರೋಟರ್‌ಗೆ ಸುಮಾರು 1900 ಸಾಕು.

ಘಟಪ್ರಭಾ_77:
ನಮ್ಮ ಸೆಂಟ್ರಿಫ್ಯೂಜ್ 22 ಸೆಂ.ಮೀ., 8 ಟ್ಯೂಬ್, ಹೀಟರ್ ಸಮೇತ.

ಬಾಗಲಕೋಟಿ_ಲ್ಯಾಬ್:
ಸ್ಟೋರ್‌ನ್ಯಾಗ ಟಾಲ್ಯೂಯೀನ್ ಇಲ್ಲ. ಕ್ಸೈಲೀನ್ ನಡೀತೈತಿ?

ಕುಂದಾನಗರಿ:
ನಡೀತೈತಿ. ಈಥರ್ ಹಾಕಿದ ಟ್ಯೂಬ್ ಮಾತ್ರ ಬ್ಯಾಡ.

ವಿಜಯಪುರ_ವಾಲ್ವ್:
ಘಟಪ್ರಭಾದವರ, ನಿಮ್ಮ 22 ಸೆಂ.ಮೀ. ಸೆಂಟ್ರಿಫ್ಯೂಜ್‌ಗೆ ಕರೆಂಟ್ ಸ್ಟೆಬಿಲೈಸರ್ ಎಷ್ಟು ಕೆವಿಎದ್ದು ಹಾಕೀರಿ?